ಮೈಗ್ರೇಶನ್ ಸರ್ಟಿಫಿಕೇಟು

ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಒಂದು ಇಸ್ತ್ರಿ ಬಂಡಿ ನಿಲ್ಲುತ್ತದೆ. 2018ರಲ್ಲಿ ನಾನು ಬ್ಯಾಂಕಿನಿಂದ ನಿವೃತ್ತನಾಗಿ, ಕಾಚಿಗುಡದ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದ ಹೊಸತು. ಬಟ್ಟೆ ಗಂಟು ಹಿಡಿದು ಕೆಳಗಿಳಿದು, ನನಗೆ ಬರುವ ಬ್ಯಾಂಕಿನ ತೆಲುಗಿನಲ್ಲಿ ಯಾವಾಗ ಕೊಡುತ್ತೀಯಪ್ಪ ಎಂದು ಕೇಳಿದೆ. ಅವನು ಉತ್ತರ ಕೊಡುವ ಮೊದಲು ಹಿಂದೆ ತಿರುಗಿ ಹೆಂಡತಿಗೆ “ಇದ್ದಲಿ ಹಾಕು, ಕೆಂಡ ಆರಾಕ ಹತ್ಯಾವ” ಎಂದ.

ಮೂವತ್ತೇಳು ವರ್ಷ ಈ ಊರಲ್ಲಿದ್ದರೂ, ಬೆನ್ನ ಹಿಂದೆ ಹೀಗೆ ಅನಿರೀಕ್ಷಿತವಾಗಿ ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ಮೈ ಜುಮ್ಮೆನ್ನುತ್ತದೆ. “ಯಾವೂರಪ್ಪ ನಿಮ್ದು?” ಎಂದೆ. ಕೃಷ್ಣಾ ಮಂಡಲದವರಂತೆ. ರಾಯಚೂರಿನಿಂದ ಹೊಳೆ ದಾಟಿದರೆ ಸಿಗುವ ಊರುಗಳು ಅವು. 1956ರಲ್ಲಿ ರಾಜ್ಯಗಳನ್ನು ಭಾಗ ಮಾಡಿದಾಗ ಆಂಧ್ರಕ್ಕೆ ಹೋದವು, ಈಗ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿವೆ. ಮನೆ ಮಾತು ಕನ್ನಡ, ಸಂತೆ ರಾಯಚೂರು, ಸರ್ಕಾರ ಹೈದರಾಬಾದು. ಅಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇವತ್ತಿಗೂ ಇವೆ. ಇಸ್ತ್ರಿಯವನ ಮಗಳೂ ಅಂಥದೇ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿ, ಅಪ್ಪ ಅವ್ವ ಇಲ್ಲಿಗೆ ಬಂದಾಗ ಜೊತೆಗೆ ಬಂದಳು. ಈ ಬರಹ ಅವಳದು. ಆದರೆ ನಡುವೆ ನನ್ನ ಕಥೆಯೂ ಬರುತ್ತದೆ, ಬಾರದೆ ವಿಧಿಯಿಲ್ಲ.

ಆ ಹುಡುಗಿ ಸಂಜೆ ಹೊತ್ತು ಮನೆ ಮನೆಗೆ ಬಟ್ಟೆ ಮುಟ್ಟಿಸಲು ಬರುತ್ತಿದ್ದಳು. ಬೇರೆಯವರ ಎದುರು ನನಗೆ ‘ಅಂಕಲ್’, ನಮ್ಮ ಮನೆಯೊಳಗೆ ಬಂದರೆ ‘ಕಾಕಾ’. ಒಂದು ದಿನ ಕೈಯಲ್ಲಿ ನೀಲಿ ಪಟ್ಟಿಯ ಐಡಿ ಕಾರ್ಡು ಹಿಡಿದು ಬಂದಳು. ಯಾರೋ ಅಂಗಿಯ ಜೇಬಿನಲ್ಲಿ ಮರೆತದ್ದು, ಯಾವ ಫ್ಲ್ಯಾಟಿನದೆಂದು ತಿಳಿಯದೆ ನನ್ನ ಹತ್ತಿರ ತಂದಿದ್ದಳು. ನಾನಕರಾಮಗುಡದ ಫೈನಾನ್ಷಿಯಲ್ ಡಿಸ್ಟ್ರಿಕ್ಟ್ ಕಡೆಯ ಒಂದು ದೊಡ್ಡ ಕಂಪನಿಯದು. ನಿಮಗೆ ಗೊತ್ತಿರಬಹುದು, ಡಿ.ಇ. ಶಾ ಎಂಬ ಅಮೆರಿಕದ ಹಣಕಾಸು ಸಂಸ್ಥೆ 1996ರಲ್ಲೇ ಹೈದರಾಬಾದಿಗೆ ಬಂತು. ಆಮೇಲೆ ವೆಲ್ಸ್ ಫಾರ್ಗೊ, ಜೆ.ಪಿ. ಮಾರ್ಗನ್, 2021ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್, ಹೀಗೆ ಒಂದರ ಹಿಂದೆ ಒಂದು. ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಜನ ಆ ಕಡೆಗೇ ಕೆಲಸಕ್ಕೆ ಹೋಗುತ್ತಾರೆ.

“ಕಾಕಾ, ಇವರು ಅಲ್ಲಿ ಏನ್ ಮಾಡ್ತಾರ್ರಿ? ನೀವು ಮಾಡಿದ್ರಲ್ಲ, ಅದೇ ಬ್ಯಾಂಕಿನ ಕೆಲಸ ಏನು?”

ನಾನು ಮಾಡಿದ್ದು ಅದಲ್ಲ ಎಂದು ಹೇಳಲು ಸ್ವಲ್ಪ ಸಂಕಟವಾಯಿತು. ಕಂಪನಿಗಳ ಲೆಕ್ಕ ನೋಡಿ ಬೆಲೆ ಕಟ್ಟುವುದು, ಸಾಲ ಎಷ್ಟು ಅಪಾಯದ್ದು ಎಂದು ಅಳೆಯುವುದು, ಅಲ್ಲಿ ಕುಳಿತು ನ್ಯೂಯಾರ್ಕಿನ ಹಣ ನೋಡಿಕೊಳ್ಳುವುದು, ಹೀಗೆ ಏನೇನೋ ಹೇಳಿದೆ. ಅವಳು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಗ ಅವಳು ಇಂಟರ್‌ಮೀಡಿಯಟ್ ಓದುತ್ತಿದ್ದಳು. ಇಲ್ಲಿ ಸಿಇಸಿ ಅನ್ನುತ್ತಾರೆ, ಸಿವಿಕ್ಸ್, ಎಕನಾಮಿಕ್ಸ್, ಕಾಮರ್ಸ್.

ನನ್ನದು ಯಾದಗಿರಿ. ನಾನು ಓದುವಾಗ ಅದು ಗುಲ್ಬರ್ಗಾ ಜಿಲ್ಲೆಯ ಒಂದು ತಾಲ್ಲೂಕು. ಅಪ್ಪ ಒಂದು ಬೇಳೆ ಮಿಲ್ಲಿನಲ್ಲಿ ಮುನೀಮರು, ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು, ಲೆಕ್ಕ ಬರೆಯುವುದೂ ಉರ್ದುವಿನಲ್ಲೇ. ನಾನು ಊರಿನಲ್ಲಿಯೇ ಬಿ.ಕಾಂ. ಮಾಡಿದೆ, 1979ರಲ್ಲಿ. ಗುಲ್ಬರ್ಗಾ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ, ಹಾಗಾಗಿ ನನ್ನ ಡಿಗ್ರಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಬೆಂಗಳೂರಿನಲ್ಲಿ ಐಐಎಂ 1973ರಲ್ಲೇ ಶುರುವಾಗಿತ್ತು ಎಂಬ ಸಂಗತಿ ನನಗೆ ತಿಳಿದದ್ದು ಬ್ಯಾಂಕು ಸೇರಿದ ಮೇಲೆ, ಕ್ಯಾಂಟೀನಿನಲ್ಲಿ! ನಮ್ಮ ಕಾಲೇಜಿನಲ್ಲಿ ಆ ಹೆಸರು ಹೇಳಿದವರೇ ಇರಲಿಲ್ಲ. ಬಿ.ಕಾಂ. ಆದ ಮೇಲೆ ಬ್ಯಾಂಕು, ಇಲ್ಲದಿದ್ದರೆ ಮಾಸ್ತರಿಕೆ, ಅದೂ ಇಲ್ಲದಿದ್ದರೆ ಅಡತಿ ಅಂಗಡಿ.

ಬ್ಯಾಂಕಿಂಗ್ ಸರ್ವಿಸ್ ರಿಕ್ರೂಟ್‌ಮೆಂಟ್ ಬೋರ್ಡಿನ ಪರೀಕ್ಷೆ ಬರೆದು 1981ರಲ್ಲಿ ಗುಮಾಸ್ತನಾಗಿ ಹೈದರಾಬಾದಿಗೆ ಬಂದೆ. ಟ್ರಂಕು, ಹಾಸಿಗೆ ಸುರುಳಿ, ಅವ್ವ ಕಟ್ಟಿದ ಸಜ್ಜೆ ರೊಟ್ಟಿ. ಕಾಚಿಗುಡದಲ್ಲಿ ನಾಲ್ಕು ಜನ ಕೂಡಿ ಒಂದು ಕೋಣೆ. ಅಲ್ಲೇ ಹತ್ತಿರದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ. ಭಾನುವಾರ ಹೋಗಿ ಕನ್ನಡ ಪತ್ರಿಕೆಗಳನ್ನು ಓದಿ ಬಂದರೆ ವಾರಕ್ಕೆ ಸಾಕಾಗುತ್ತಿತ್ತು.

ಎಂ.ಕಾಂ. ಓದಬೇಕೆಂಬ ಹುಚ್ಚು ಹತ್ತಿದ್ದು ಉಸ್ಮಾನಿಯಾದ ಆರ್ಟ್ಸ್ ಕಾಲೇಜು ಕಟ್ಟಡ ನೋಡಿ. ನಗಬೇಡಿ. ಆ ಕೆಂಪು ಛಾಯೆಯ ಕಲ್ಲು, ಆ ಕಮಾನು, ಮುಂದೆ ಹಸಿರು. ಯಾದಗಿರಿಯ ಹುಡುಗನಿಗೆ ಅದು ಅರಮನೆ. 1918ರಲ್ಲಿ ಉರ್ದು ಮಾಧ್ಯಮದಲ್ಲಿ ಶುರುವಾದ ಆ ವಿಶ್ವವಿದ್ಯಾಲಯಕ್ಕೆ ನಮ್ಮ ಗುಲ್ಬರ್ಗಾ, ರಾಯಚೂರು, ಬೀದರಿನ ಹಿರಿಯರು ಹೋಗಿ ಓದಿ ವಕೀಲರಾಗಿ, ತಹಸೀಲ್ದಾರರಾಗಿ ಬಂದಿದ್ದರು. ಅಪ್ಪನ ಕಾಲಕ್ಕೆ ಅದು ನಮ್ಮದೇ ಸಂಸ್ಥಾನದ ವಿಶ್ವವಿದ್ಯಾಲಯ. ನನ್ನ ಕಾಲಕ್ಕೆ ನಾನು ಅಲ್ಲಿ ‘ನಾನ್ ಲೋಕಲ್’. 1974ರ ರಾಷ್ಟ್ರಪತಿಗಳ ಆದೇಶದಂತೆ ನೂರಕ್ಕೆ 85 ಸೀಟು ಆಯಾ ಭಾಗದಲ್ಲೇ ಓದಿದವರಿಗೆ, ಉಳಿದದ್ದು ಎಲ್ಲರಿಗೂ. ಹೊಳೆ ಅಲ್ಲೇ ಇತ್ತು, ಊರೂ ಅಲ್ಲೇ ಇತ್ತು, ಗೆರೆ ಮಾತ್ರ ಸರಿದಿತ್ತು.

ಆದರೂ ಸೀಟು ಸಿಗುವ ಹಾಗಿತ್ತು. ಕಳೆದುಕೊಂಡದ್ದು ನನ್ನ ಸೋಮಾರಿತನದಿಂದ. ಬೇರೆ ವಿಶ್ವವಿದ್ಯಾಲಯದಿಂದ ಬಂದವರು ಮೈಗ್ರೇಶನ್ ಸರ್ಟಿಫಿಕೇಟು ತರಬೇಕು, ಅಂದರೆ ಈ ಹುಡುಗ ನಮ್ಮಲ್ಲಿಂದ ಹೊರಟ, ನೀವು ಸೇರಿಸಿಕೊಳ್ಳಿ ಎಂದು ಹಳೆಯ ವಿಶ್ವವಿದ್ಯಾಲಯ ಕೊಡುವ ಚೀಟಿ. ಅರ್ಜಿ ಬರೆದು ಅಂಚೆಗೆ ಹಾಕಿದರಾಯಿತು ಎಂದು ಕುಳಿತೆ. ಫೀ ಕಟ್ಟಿದ ರಸೀದಿ ಇಡಬೇಕೆಂಬುದನ್ನು ಓದಿರಲಿಲ್ಲ. ಕೊನೆಗೆ ರಜೆ ಹಾಕಿ ರಾತ್ರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ, ಅಲ್ಲಿ ಎರಡು ದಿನ ಕಾದು, ಚೀಟಿ ತಂದು ಕೊಟ್ಟಾಗ ಕೊನೆಯ ದಿನಾಂಕ ಮುಗಿದು ಎರಡು ದಿನವಾಗಿತ್ತು. ಕಿಟಕಿಯ ಆಚೆಯ ಮುದುಕರು ಕಾಗದ ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ “ಅಗ್ಲೇ ಸಾಲ್ ಆನಾ ಮಿಯಾ” ಎಂದರು. ಬಹಳ ಪ್ರೀತಿಯಿಂದಲೇ ಹೇಳಿದರು. ಮುಂದಿನ ವರ್ಷ ಹೋದೆ, ಕೆಲಸ ಮಾಡುತ್ತಲೇ ಎಂ.ಕಾಂ. ಮುಗಿಸಿದೆ. ಸಿಎಐಐಬಿ ಪರೀಕ್ಷೆಯ ಎರಡೂ ಭಾಗ ಪಾಸು ಮಾಡಿ ಇಂಕ್ರಿಮೆಂಟು ತೆಗೆದುಕೊಂಡೆ. 1988ರಲ್ಲಿ ಆಫೀಸರಾದೆ. ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ನನ್ನ ಹಾಗೆ ಸಾವಿರಾರು ಜನ.

ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಹೋಗುವ ಮಾತು ಬಂದಾಗ ಈ ಊರಿನಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. 1938ರಲ್ಲಿ ‘ವಂದೇ ಮಾತರಂ’ ಹಾಡಿದ್ದಕ್ಕೆ ಉಸ್ಮಾನಿಯಾದಿಂದ ಹುಡುಗರನ್ನು ಹೊರಗೆ ಹಾಕಿದರು. ನಾಗಪುರ ವಿಶ್ವವಿದ್ಯಾಲಯ ಅವರನ್ನು ಕರೆದು ಸೇರಿಸಿಕೊಂಡಿತು. ಹಾಗೆ ನಾಗಪುರಕ್ಕೆ ಹೋಗಿ ಓದಿದವರಲ್ಲಿ ಪಿ.ವಿ. ನರಸಿಂಹರಾವ್ ಒಬ್ಬರು. ಆ ಬಾಗಿಲು ಅಂದು ತೆರೆಯದಿದ್ದರೆ ಏನಾಗುತ್ತಿತ್ತೋ.

2020ರಲ್ಲಿ ಅಮೆರಿಕದಿಂದ ಅಕ್ಕನ ಮಗನ ಫೋನು ಬಂತು. ಅವನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾನೆ. “ಮಾಮಾ, ಮಗಳನ್ನ ಡಿ ಅಂಜಾ ಕಾಲೇಜಿಗೆ ಸೇರಿಸೀವಿ. ಅವ್ವಗ ನೀನೇ ಹೇಳು, ನನ್ನ ಮಾತು ಕೇಳವಲ್ಲಳು” ಎಂದ. ಡಿ ಅಂಜಾ ಎಂದರೆ ಕ್ಯುಪರ್ಟಿನೊದ ಕಮ್ಯುನಿಟಿ ಕಾಲೇಜು. ಊರವರು ಯಾರು ಬೇಕಾದರೂ ಹೋಗಬಹುದಾದ, ಫೀ ಕಡಿಮೆಯ, ಎರಡು ವರ್ಷದ ಕಾಲೇಜು. ನಮ್ಮಕ್ಕ ಕಲಬುರಗಿಯಲ್ಲಿ ಕುಳಿತು ಅತ್ತಳು. ಅಮೆರಿಕದಲ್ಲಿ ಹುಟ್ಟಿದ ಹುಡುಗಿಗೆ ಒಳ್ಳೆ ಕಾಲೇಜು ಸಿಗಲಿಲ್ಲ ಎಂದು ಓಣಿಯವರಿಗೆ ಹೇಗೆ ಹೇಳುವುದು? “ಅಲ್ಲೇ ಮನಿ ಹತ್ರ ಓದ್ತಾಳ, ಕೊರೋನಾ ಅದಲ್ಲ” ಎಂದು ಹೇಳಿಕೊಂಡು ಎರಡು ವರ್ಷ ತಳ್ಳಿದಳು. ಪುಣ್ಯಕ್ಕೆ ಕೊರೋನಾ ಇತ್ತು.

ಆದರೆ ಆ ಹುಡುಗಿ ಮಾಡಿದ್ದೇ ಬೇರೆ. 2022ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎಗೆ, ಬಿಸಿನೆಸ್ ಎಕನಾಮಿಕ್ಸ್ ಓದಲು, ನೇರ ಮೂರನೇ ವರ್ಷಕ್ಕೆ ಸೀಟು ಸಿಕ್ಕಿತು. ಬರ್ಕ್ಲಿಯ ಹಾಸ್ ಬಿಸಿನೆಸ್ ಸ್ಕೂಲು ಬೇಕಿತ್ತು, ಅದು ಸಿಗಲಿಲ್ಲ. ಅಲ್ಲಿಗೆ ಹೊರಗಿನಿಂದ ಬರುವವರಿಗೆ ಸೀಟು ಬಹಳ ಕಡಿಮೆಯಂತೆ. ಎರಡೂ ಇಲ್ಲದಿದ್ದರೆ ಡೇವಿಸ್ ಇತ್ತು. ಅಲ್ಲಿಯ ಆರು ಕ್ಯಾಂಪಸ್ಸುಗಳು, ಇಂತಿಷ್ಟು ಅಂಕ ಬಂದು ಇಂತಿಂಥ ಪಾಠ ಮುಗಿಸಿದರೆ ಸೀಟು ಕೊಟ್ಟೇ ಕೊಡುತ್ತೇವೆ ಎಂದು ಮೊದಲೇ ಬರೆದು ಕೊಡುತ್ತವೆ.

ನಾನು ಲೆಕ್ಕದ ಮನುಷ್ಯ, ಇದು ಹೇಗೆ ನಡೆಯುತ್ತದೆ ಎಂದು ಅಳಿಯನನ್ನು ಬಿಡದೆ ಕೇಳಿದೆ. ಕ್ಯಾಲಿಫೋರ್ನಿಯಾದವರು 1960ರಲ್ಲಿ ಒಂದು ಯೋಜನೆ ಮಾಡಿದರು. ಮೇಲಿನ ಸಾಲಿನ ಹುಡುಗರಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ನಂತರದವರಿಗೆ ಸ್ಟೇಟ್ ಕಾಲೇಜುಗಳು, ಉಳಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜು. ಆದರೆ ಕೆಳಗಿನಿಂದ ಮೇಲೆ ಹತ್ತಲು ಏಣಿ ಇಟ್ಟರು. ಡಿ ಅಂಜಾದ ಇಂಥ ಅಕೌಂಟೆನ್ಸಿ ಪಾಠ ಯುಸಿಎಲ್‌ಎಯ ಇಂಥ ಪಾಠಕ್ಕೆ ಸಮ, ಇಂಥ ಕ್ಯಾಲ್ಕುಲಸ್ ಇಂಥದಕ್ಕೆ ಸಮ ಎಂದು ಕಾಲೇಜು ಕಾಲೇಜಿಗೂ ಪಟ್ಟಿ ಇದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಎರಡು ವರ್ಷ ಆ ಪಟ್ಟಿ ಹಿಡಿದು ಓದಬೇಕು. ಒಂದು ಪಾಠ ತಪ್ಪಿದರೂ ಅರ್ಜಿ ಬಿದ್ದು ಹೋಗಬಹುದು. ಹೊಸದಾಗಿ ಸೇರುವ ಇಬ್ಬರು ಹುಡುಗರಿಗೆ ಹೀಗೆ ಬರುವವರು ಒಬ್ಬರು ಇರಬೇಕು ಎಂಬುದು ಅಲ್ಲಿಯ ವಿಶ್ವವಿದ್ಯಾಲಯ ಇಟ್ಟುಕೊಂಡ ಗುರಿ. ನಮ್ಮ ಕ್ಲಿಯರಿಂಗ್ ಹೌಸಿನ ಹಾಗೆ, ಯಾವ ಬ್ಯಾಂಕಿನ ಚೆಕ್ಕಾದರೂ ಇನ್ನೊಂದು ಬ್ಯಾಂಕು ತೆಗೆದುಕೊಳ್ಳಲೇಬೇಕು. ಕೊನೆಗೆ ಕೈಗೆ ಬರುವ ಡಿಗ್ರಿ ಯುಸಿಎಲ್‌ಎಯದೇ. ನಮ್ಮಕ್ಕ ಆ ಏಪ್ರಿಲ್‌ನಲ್ಲಿ ಓಣಿಗೆಲ್ಲ ಧಾರವಾಡ ಪೇಡೆ ಹಂಚಿದಳು.

ಇಸ್ತ್ರಿಯವನ ಮಗಳು ಅದೇ 2022ರಲ್ಲಿ ಡಿಗ್ರಿಗೆ ಸೇರಿದಳು. ತೆಲಂಗಾಣದಲ್ಲಿ 2016ರಿಂದ ‘ದೋಸ್ತ್’ ಎಂಬ ಆನ್‌ಲೈನ್ ವ್ಯವಸ್ಥೆ ಇದೆ, ಡಿಗ್ರಿ ಸೀಟುಗಳು ಬಹುಪಾಲು ಅದರ ಮೂಲಕವೇ. ತಿಳಿಯದೆ ಕಾಲೇಜುಗಳ ಹೆಸರು ತುಂಬುವಾಗ ಮನೆಗೆ ಹತ್ತಿರದ್ದನ್ನೇ ಮೊದಲು ಹಾಕಿದ್ದಳು, ಸಿಕ್ಕಿತು. ಮೂರು ಮಹಡಿಯ ಕಟ್ಟಡ, ಕೆಳಗೆ ಬಟ್ಟೆ ಅಂಗಡಿ. ಹೆಸರು ಬೇಡ. ಬಿ.ಕಾಂ. ಕಂಪ್ಯೂಟರ್ ಅಪ್ಲಿಕೇಶನ್ಸ್. ವಾರದಲ್ಲಿ ಎರಡು ದಿನ ಪಾಠ ನಡೆದರೆ ಹೆಚ್ಚು. 2023ರ ಬೇಸಿಗೆಯಲ್ಲಿ ಬಂದು ಕೇಳಿದಳು: “ಕಾಕಾ, ಎರಡನೇ ವರ್ಷಕ್ಕ ಒಳ್ಳೆ ಕಾಲೇಜಿಗೆ ಬದಲಿ ಮಾಡಿಸ್ಕೊಬೌದೇನ್ರಿ?”

ಅಮೆರಿಕದ ಕಥೆ ಕೇಳಿ ಬೀಗಿದ್ದೆನಲ್ಲ, ಹುರುಪಿನಿಂದ ಓಡಾಡಿದೆ. 2020ರ ಹೊಸ ಶಿಕ್ಷಣ ನೀತಿಯಲ್ಲಿ ಹೀಗೆ ಬದಲಾಗುವ ಮಾತಿದೆ. 2021ರಲ್ಲಿ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂದೂ ಮಾಡಿದ್ದಾರೆ, ಓದಿದ ಪಾಠದ ಅಂಕವನ್ನು ಠೇವಣಿ ಇಟ್ಟ ಹಾಗೆ ಇಟ್ಟು ಬೇರೆ ಕಡೆ ಬಳಸಿಕೊಳ್ಳಬಹುದು. ಹೆಸರಿನಲ್ಲಿ ಬ್ಯಾಂಕು ಇದೆಯೆಂದು ನನಗೆ ಇನ್ನೂ ಆಸಕ್ತಿ. ನಗರದ ಎರಡು ಹೆಸರಾದ ಕಾಲೇಜುಗಳಿಗೆ ಅವಳನ್ನು ಕರೆದುಕೊಂಡು ಹೋದೆ. ಒಂದರಲ್ಲಿ ಸೀಟು ಖಾಲಿ ಇಲ್ಲ ಎಂದರು. ಇನ್ನೊಂದರಲ್ಲಿ ವಿಷಯ ಹೊಂದುವುದಿಲ್ಲ ಎಂದರು. ಠೇವಣಿ ಇಡಲು ಖಾತೆಯೇನೋ ಇತ್ತು, ಅವಳ ಚೆಕ್ಕು ತೆಗೆದುಕೊಳ್ಳುವ ಶಾಖೆ ನಮಗೆ ಸಿಗಲಿಲ್ಲ.

ವಾಪಸು ಬರುವಾಗ ಮೆಟ್ರೋದಲ್ಲಿ ನಾನು ಹೇಳಿದೆ: “ಬಿಡವ್ವ. ಡಿಗ್ರಿ ಮುಗಿಸು, ಐಬಿಪಿಎಸ್ ಬರಿ. ಕ್ಲರ್ಕ್ ಆದ್ರ ಸಾಕು, ನಾನೂ ಅಲ್ಲಿಂದಲೇ ಬಂದವ.” ಅವಳು ಕಿಟಕಿ ಕಡೆ ಮುಖ ಮಾಡಿ ಕುಳಿತಳು. ಮಿಯಾಪುರದಲ್ಲಿ ಇಳಿದ ಮೇಲೆ, ಬಸ್ಸಿಗೆ ಕಾಯುವಾಗ ಮೆಲ್ಲಗೆ ಅಂದಳು: “ನಾ ಕ್ಲರ್ಕ್ ಆಗಲ್ಲ ಅಂತ ಅಲ್ರಿ ಕಾಕಾ. ಅದೊಂದೇ ಆಗ್ತದ ಅಂತ ನೀವು ಯಾಕ ಅಂದ್ಕೊಂಡ್ರಿ?”

ಆ ರಾತ್ರಿ ನಿದ್ದೆ ಬರಲಿಲ್ಲ. ಅವಳ ಮಾತಿಗಲ್ಲ. ಆ ಮಾತನ್ನು ಇನ್ನೊಬ್ಬ ಹುಡುಗ ನನಗೆ ಹಿಂದೆಯೇ ಕೇಳಿದ್ದ, ಬಾಯಿ ಬಿಟ್ಟು ಅಲ್ಲ, ಕಣ್ಣಿನಲ್ಲಿ.

2004. ನಾನು ನಗರದ ಒಂದು ಶಾಖೆಯ ಮ್ಯಾನೇಜರ್. ಆಟೋ ಓಡಿಸುವವರ ಮಗ, ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ್ದ. ಹೊರ ರಾಜ್ಯದ ಒಳ್ಳೆಯ ಸಂಸ್ಥೆಯೊಂದರಲ್ಲಿ ಎಂಬಿಎ ಸೀಟು ಸಿಕ್ಕಿತ್ತು. ಪತ್ರ ತಂದಿದ್ದ. 3 ಲಕ್ಷ 60 ಸಾವಿರ ಸಾಲ ಬೇಕು. 2001ರಿಂದ ಶಿಕ್ಷಣ ಸಾಲದ ಮಾದರಿ ಯೋಜನೆ ಜಾರಿಯಲ್ಲಿತ್ತು. 4 ಲಕ್ಷದವರೆಗೆ ಆಸ್ತಿ ಒತ್ತೆ ಬೇಡ, ಮೂರನೆಯವರ ಜಾಮೀನು ಬೇಡ, ತಂದೆ ತಾಯಿಯ ಸಹಿ ಸಾಕು. ನನಗೆ ಅದು ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

“ಒಬ್ಬ ಸರ್ಕಾರಿ ನೌಕರರ ಜಾಮೀನು ತೆಗೆದುಕೊಂಡು ಬಾ” ಎಂದೆ.

ಅವನು ಪೇಪರಿನಿಂದ ಕತ್ತರಿಸಿದ ಒಂದು ತುಂಡನ್ನು ಜೇಬಿನಿಂದ ತೆಗೆದ. “ಸರ್, ಇದರಲ್ಲಿ ಬೇಡ ಅಂತ ಇದೆ” ಎಂದ, ತೆಲುಗಿನಲ್ಲಿ, ಬಹಳ ವಿನಯದಿಂದ. “ಪೇಪರಿನವರಿಗೆ ಏನು ಗೊತ್ತು” ಎಂದು ಆ ತುಂಡನ್ನು ಮುಟ್ಟದೆ ಹೇಳಿದೆ. ಆ ವರ್ಷ ನನಗೆ ಪ್ರಮೋಷನ್ ಸಂದರ್ಶನ ಇತ್ತು. ಶಾಖೆಯ ಎನ್‌ಪಿಎ ಅಂಕಣ ಸ್ವಚ್ಛ ಇರಬೇಕು. ಸಂಜೆ ಕಾಲೇಜಿನ ಹುಡುಗ, ಆಟೋದವರ ಮನೆ, ಮರಳಿ ಬರುವ ಸಾಲವಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಯಾರೂ ನನಗೆ ಹಾಗೆ ಹೇಳಿರಲಿಲ್ಲ, ಮೇಲಿನಿಂದ ಒತ್ತಡವೂ ಇರಲಿಲ್ಲ. ಬ್ಯಾಂಕನ್ನು ದೂರಿ ಪ್ರಯೋಜನವಿಲ್ಲ. ಅವನು ತುಂಡನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡು, ನನ್ನನ್ನು ಒಮ್ಮೆ ನೋಡಿ, ನಮಸ್ಕಾರ ಮಾಡಿ ಹೋದ. ಮತ್ತೆ ಬರಲಿಲ್ಲ. ಪ್ರಮೋಷನ್ ಬಂತು.

ಇದನ್ನು ನನ್ನ ಹೆಂಡತಿಗೂ ಇಪ್ಪತ್ತು ವರ್ಷ ಹೇಳಿರಲಿಲ್ಲ.

ಮರುದಿನ ಹುಡುಗಿಯನ್ನು ಕರೆದು ಕೂರಿಸಿದೆ. ನಮ್ಮಲ್ಲಿ ನಡುವಿನಲ್ಲಿ ಹತ್ತುವ ಏಣಿ ಸಿಗಲಿಲ್ಲ, ಆದರೆ ಡಿಗ್ರಿ ಮುಗಿದ ಮೇಲೆ ಒಂದು ಬಾಗಿಲಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಸೀಟಿಗೆ 2022ರಿಂದ ‘ಕ್ಯೂಯೆಟ್ ಪಿಜಿ’ ಪರೀಕ್ಷೆ. ಎಪ್ಪತ್ತೈದು ಪ್ರಶ್ನೆ, ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಕಡಿತ. ನೀನು ಯಾವ ಕಾಲೇಜಿನಲ್ಲಿ ಓದಿದೆ, ಕೆಳಗೆ ಬಟ್ಟೆ ಅಂಗಡಿ ಇತ್ತೋ ಇಲ್ಲವೋ ಎಂದು ಆ ಕಂಪ್ಯೂಟರು ಕೇಳುವುದಿಲ್ಲ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಕಾಮರ್ಸ್ ವಿಭಾಗವೂ ಇದೆ, ಅಲ್ಲಿಯ ಎಂ.ಕಾಂ.ಗೆ ದೇಶದ ಎಲ್ಲ ಕಡೆಯಿಂದ ಬರುತ್ತಾರೆ. ಅದು ಸಿಗದಿದ್ದರೆ ಕಾಶಿಯ ಬಿಎಚ್‌ಯು. ಅದೂ ಇಲ್ಲದಿದ್ದರೆ ನಮ್ಮ ಕಡಗಂಚಿಯಲ್ಲೇ, ಕಲಬುರಗಿ ಹತ್ತಿರ, ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ.

“ನೀವು ಕಲಿಸ್ತೀರೇನು?” ಎಂದಳು.

ಒಂದೂವರೆ ವರ್ಷ ಕಲಿಸಿದೆ ಅನ್ನುವುದಕ್ಕಿಂತ ಇಬ್ಬರೂ ಕೂಡಿ ಓದಿದೆವು ಎನ್ನಬೇಕು. ನನ್ನ ಎಂ.ಕಾಂ. ನಲವತ್ತು ವರ್ಷ ಹಳೆಯದು. ಜಿಎಸ್‌ಟಿ ನನಗೆ ಅವಳೇ ಹೇಳಿಕೊಟ್ಟಳು. ಕಾಸ್ಟಿಂಗ್, ಬ್ಯಾಂಕಿಂಗ್, ಅಂಕಿಅಂಶ ನಾನು. ರಾತ್ರಿ ಎಂಟಕ್ಕೆ ಬಟ್ಟೆ ಹಂಚುವುದು ಮುಗಿಸಿ ಬರುತ್ತಿದ್ದಳು, ಕೈಗೆ ಇಸ್ತ್ರಿಯ ವಾಸನೆ. ನನ್ನ ಹೆಂಡತಿ ಜೋಳದ ರೊಟ್ಟಿ ಕೊಟ್ಟರೆ ಮೊದಲು ಬೇಡ ಎನ್ನುವಳು, ಆಮೇಲೆ ಪುಂಡಿ ಪಲ್ಯ ಎಂದರೆ ಕುಳಿತುಕೊಳ್ಳುವಳು. ಪ್ರಶ್ನೆ ಬಿಡಿಸುವಾಗ ಅವಳು ಮನಸ್ಸಿನಲ್ಲಿ ಮಗ್ಗಿ ಹೇಳಿಕೊಳ್ಳುವುದು ಕನ್ನಡದಲ್ಲಿ. ಎಂಟು ಏಳಲೆ ಐವತ್ತಾರು.

ಪರೀಕ್ಷೆ 2025ರ ಮಾರ್ಚಿನಲ್ಲಿ, ಫಲಿತಾಂಶ ಮೇ ತಿಂಗಳಲ್ಲಿ. ಮೊದಲ ಪಟ್ಟಿಯಲ್ಲಿ ದೆಹಲಿ ಬರಲಿಲ್ಲ. ಎರಡನೇ ಪಟ್ಟಿಯಲ್ಲಿ ಬಂತು. ಅವಳ ಅಪ್ಪ ಸುದ್ದಿ ಕೇಳಿ, ಕೈಯಲ್ಲಿದ್ದ ಅಂಗಿಯ ತೋಳು ಮುಗಿಸಿ, ಪೆಟ್ಟಿಗೆ ಪಕ್ಕಕ್ಕಿಟ್ಟು “ದಿಲ್ಲಿ ಅಂದ್ರ ಎಷ್ಟು ದೂರ್ರಿ ಸಾಹೇಬ್ರ?” ಎಂದ. ತೆಲಂಗಾಣ ಎಕ್ಸ್‌ಪ್ರೆಸ್‌ನಲ್ಲಿ ಒಂದು ದಿನದ ಮೇಲೆ ಅಂದೆ. ಅವನು ಮತ್ತೆ ಪೆಟ್ಟಿಗೆ ಎತ್ತಿಕೊಂಡ.

ಅಡ್ಡ ಬಂದದ್ದು ನನ್ನ ಹಳೆಯ ಚೀಟಿಯೇ. ದೆಹಲಿಗೆ ಬೇರೆ ವಿಶ್ವವಿದ್ಯಾಲಯದಿಂದ ಹೋಗುವವರು ಮೈಗ್ರೇಶನ್ ಸರ್ಟಿಫಿಕೇಟು ಕೊಡಬೇಕು. ಅದಕ್ಕೆ ಮೊದಲು ಕಾಲೇಜಿನಿಂದ ಟಿಸಿ, ಮಾರ್ಕ್ಸ್ ಮೆಮೊ ಬರಬೇಕು. ಕಾಲೇಜಿನವರು ಕೊಡಲಿಲ್ಲ. ತೆಲಂಗಾಣದಲ್ಲಿ ಬಡ ಮಕ್ಕಳ ಫೀಯನ್ನು ಸರ್ಕಾರ ಮರಳಿ ಕೊಡುವ ಯೋಜನೆ ಇದೆ, ಆದರೆ ಬಾಕಿ ವರ್ಷಗಟ್ಟಲೆ ನಿಂತಿರುತ್ತದೆ. ಸರ್ಕಾರದ ದುಡ್ಡು ಬಂದಿಲ್ಲ, 32 ಸಾವಿರ ನೀವೇ ಕಟ್ಟಿ, ಬಂದಾಗ ವಾಪಸು ಕೊಡುತ್ತೇವೆ ಎಂದರು ಅವರು. ನಾನು ಹೋಗಿ ಜಗಳವಾಡಿದೆ, ನಿಯಮ ಹೇಳಿದೆ. ಮೇಜಿನ ಆಚೆ ಕುಳಿತವರು ತಣ್ಣಗೆ “ನಿಯಮ ನಮಗೂ ಗೊತ್ತು ಸರ್” ಎಂದರು. ಅವರ ಮುಖ ನೋಡಿದೆ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಹುಡುಗಿ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದಳು. “ಹೋಗ್ಲಿ ಬಿಡ್ರಿ ಕಾಕಾ, ಮುಂದಿನ ವರ್ಷ ನೋಡೂಣು” ಎಂದಳು. ಅಗ್ಲೇ ಸಾಲ್ ಆನಾ ಮಿಯಾ.

ಬ್ಯಾಂಕಿಗೆ ಹೋಗಿ 32 ಸಾವಿರ ತೆಗೆದು, ಅದೇ ಮಧ್ಯಾಹ್ನ ಕಟ್ಟಿದೆ. ರಸೀದಿಯನ್ನು ಅವಳ ಹೆಸರಿಗೇ ತೆಗೆದುಕೊಂಡೆ. ಮರುದಿನ ಟಿಸಿ, ಅದರ ಮರುದಿನ ಉಸ್ಮಾನಿಯಾದ ಪರೀಕ್ಷಾ ವಿಭಾಗ. ಅಲ್ಲಿ ಈಗ ಅರ್ಜಿ ಆನ್‌ಲೈನ್. ಆದರೂ ಒಮ್ಮೆ ಹೋಗಿ ನೋಡಬೇಕೆನಿಸಿತು. ಅರ್ಜಿಯ ಜೊತೆ ಫೀ ರಸೀದಿ ಇಟ್ಟಿದ್ದೇವೋ ಇಲ್ಲವೋ ಎಂದು ಮೂರು ಸಲ ಕೇಳಿದ್ದಕ್ಕೆ ಅವಳು ನಕ್ಕಳು.

ಶಿಕ್ಷಣ ಸಾಲದ ಅರ್ಜಿಗೂ ಜೊತೆಗೆ ಹೋದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ‘ಪಿಎಂ ವಿದ್ಯಾಲಕ್ಷ್ಮಿ’ ಎಂಬ ಯೋಜನೆ ಒಪ್ಪಿತು. ಗುರುತಿಸಿದ ಒಳ್ಳೆಯ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ ಒತ್ತೆ ಇಲ್ಲ, ಜಾಮೀನೂ ಇಲ್ಲ. 7.5 ಲಕ್ಷದವರೆಗಿನ ಸಾಲಕ್ಕೆ ನೂರಕ್ಕೆ 75ರಷ್ಟು ಸರ್ಕಾರವೇ ಹೊಣೆ. ಕುಟುಂಬದ ವರಮಾನ 8 ಲಕ್ಷದ ಒಳಗಿದ್ದರೆ ಓದುವ ಕಾಲದ ಬಡ್ಡಿಯಲ್ಲಿ ನೂರಕ್ಕೆ 3ರಷ್ಟು ರಿಯಾಯಿತಿ. ಊರಿನಲ್ಲಿ ಮಕ್ಕಳಿರುವವರು ಇದನ್ನು ತಿಳಿದುಕೊಂಡಿರಿ, ಯಾರಾದರೂ ಜಾಮೀನು ಕೇಳಿದರೆ ಯೋಜನೆಯ ಹೆಸರು ಹೇಳಿ ಲಿಖಿತವಾಗಿ ಕೇಳಿ. ಶಾಖೆಯ ಮ್ಯಾನೇಜರ್ ಮೂವತ್ತರ ಒಳಗಿನ ಹೆಣ್ಣುಮಗಳು. ನಾನು ಬ್ಯಾಂಕಿನವನೆಂದು ಹೇಳಲಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತಿದ್ದೆ. ಇಸ್ತ್ರಿಯವ ನನ್ನ ಪಕ್ಕ, ಒಗೆದು ಗರಿಗರಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಅವಳು ಕಾಗದ ನೋಡಿ, ಮಾರ್ಕ್ಸ್ ನೋಡಿ, ಹುಡುಗಿಯನ್ನು “ಹಾಸ್ಟೆಲ್ ಸಿಕ್ಕಿತಾ?” ಎಂದಷ್ಟೇ ಕೇಳಿದಳು. ಸಿಕ್ಕಿಲ್ಲ, ಹೊರಗೆ ಪಿಜಿಯಲ್ಲಿ ಇರಬೇಕು ಎಂದಳು ಇವಳು. “ಹಾಗಾದರೆ ಮೂರು ಲಕ್ಷ ಸಾಲದು, ಮೂರೂವರೆ ಬರಿ” ಎಂದು ಅಂಕಿ ತಾನೇ ತಿದ್ದಿದಳು.

ಹದಿನೈದು ನಿಮಿಷದ ಕೆಲಸ. ಹೊರಗೆ ಬಂದು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತುಕೊಂಡೆ. “ಯಾಕ್ರಿ ಸಾಹೇಬ್ರ, ತಲಿ ತಿರುಗ್ತದೇನು?” ಎಂದು ಅವನು ನೀರು ತಂದ.

ಆಗಸ್ಟಿನಲ್ಲಿ ಅವಳನ್ನು ನಾಂಪಲ್ಲಿಯಲ್ಲಿ ರೈಲು ಹತ್ತಿಸಿ ಬಂದೆವು. ಬೆಳಗಿನ ಜಾವದ ಗಾಡಿ. ಅವ್ವ ಕಟ್ಟಿದ ಬುತ್ತಿಯಲ್ಲಿ ಸಜ್ಜೆ ರೊಟ್ಟಿ ಇತ್ತು, ನನಗೆ ಟ್ರಂಕಿನ ನೆನಪಾಯಿತು. ಇವಳದು ಗಾಲಿಯ ಬ್ಯಾಗು. ಈಗ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಅಲ್ಲಿಯ ಹುಡುಗರ ಇಂಗ್ಲಿಷು ಕೇಳಿ ಮೊದಲ ತಿಂಗಳು ಬಾಯಿಯೇ ತೆರೆಯಲಿಲ್ಲವಂತೆ. ಮೊದಲ ಇಂಟರ್ನಲ್ಸ್‌ನಲ್ಲಿ ಒಂದು ವಿಷಯದಲ್ಲಿ ಬಹಳ ಕಡಿಮೆ ಬಂತು, ಅತ್ತಳು. ಈಚೆಗೆ ಸ್ವಲ್ಪ ಪರವಾಗಿಲ್ಲ. ಆ ಐಡಿ ಕಾರ್ಡಿನ ಕಂಪನಿಗೆ ಹೋಗುತ್ತಾಳೋ, ಬ್ಯಾಂಕಿಗೆ ಬರುತ್ತಾಳೋ ಗೊತ್ತಿಲ್ಲ. ನಾನು ಕೇಳುವುದನ್ನು ಬಿಟ್ಟಿದ್ದೇನೆ.

32 ಸಾವಿರದ ವಿಷಯ ಉಳಿಯಿತು. ಅದು ಸಾಲವಲ್ಲ ಎಂದು ಎಷ್ಟು ಹೇಳಿದರೂ ಇಸ್ತ್ರಿಯವ ಕೇಳಲಿಲ್ಲ. ಮಗಳು ಬಿಟ್ಟು ಹೋದ ಹಳೆಯ ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನಲ್ಲಿ ಒಂದು ಪುಟ ತೆಗೆದಿದ್ದಾನೆ. ಒಂದು ಬಟ್ಟೆಗೆ ಹತ್ತು ರೂಪಾಯಿ. ನಾನು ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾನೆ, ಪುಟದಲ್ಲಿ ಗೀಟು ಎಳೆಯುತ್ತಾನೆ. 3,200 ಬಟ್ಟೆ ಆಗಬೇಕು. ನಿವೃತ್ತ ಮನುಷ್ಯನಿಗೆ ವಾರಕ್ಕೆ ಎಷ್ಟು ಅಂಗಿ ಬೇಕಾದೀತು? ಲೆಕ್ಕ ಹಾಕಿ ನೋಡಿದರೆ ಎಪ್ಪತ್ತೈದು ದಾಟುತ್ತೇನೆ. ಹಾಗಾಗಿ ನಮ್ಮ ಮನೆಯಲ್ಲಿ ಈಗ ದಿಂಬಿನ ಕವರು, ಟವೆಲು, ಹೆಂಡತಿಯ ನೈಟಿ, ನನ್ನ ಬನಿಯನ್ನು ಎಲ್ಲವೂ ಇಸ್ತ್ರಿಯಾಗಿ ಬರುತ್ತವೆ. ಕಳೆದ ವಾರ ಕರ್ಚೀಫು ಕೊಟ್ಟೆ. ಅವನು ಅದನ್ನು ಅರ್ಧ ಬಟ್ಟೆ ಎಂದು ಬರೆದುಕೊಂಡ.